ನಲವತ್ತೊಂದನೇ ಪುಟದ ಸಾಲು

ಬೆಳಗಿನಿಂದ ಅವನು ಒಂದೇ ಪುಟವನ್ನು ಹನ್ನೊಂದು ಸಲ ಓದಿದ್ದ. ತಪ್ಪು ಒಂದೂ ಇರಲಿಲ್ಲ. ಕರಡು ತಿದ್ದುವುದನ್ನೇ ಹೊಟ್ಟೆಪಾಡು ಮಾಡಿಕೊಂಡು ಮೂವತ್ತು ವರ್ಷ ಕಳೆದವನಿಗೆ ತಪ್ಪಿಲ್ಲದ ಪುಟ ಸಿಗುವುದೇ ಅಪರೂಪ. ಸಿಕ್ಕರೆ ಕೆಳಗಿನ ಮೂಲೆಯಲ್ಲಿ ಸಣ್ಣದೊಂದು ಗೀಟು ಎಳೆದು, ಮೈ ಮುರಿದು ಎದ್ದು, ಒಂದು ಲೋಟ ಚಹಾ ಕುಡಿದು ಬರುವುದು ಅವನ ಅಭ್ಯಾಸ. ಇವತ್ತು ಆ ಗೀಟು ಎಳೆಯಲು ಕೈ ಬರುತ್ತಿರಲಿಲ್ಲ. ಚೂಪಾಗಿಯೇ ಇದ್ದ ಪೆನ್ಸಿಲನ್ನು ಮತ್ತೆ ಹೆರೆದ. ಕುರ್ಚಿಯನ್ನು ಕಿಟಕಿಯ ಕಡೆ ಸರಿಸಿದ, ಬೆಳಕು ಜಾಸ್ತಿಯಾಯಿತೆಂದು ಮತ್ತೆ ಗೋಡೆಯ ಕಡೆ ಸರಿಸಿದ. ಪುಟ ನಲವತ್ತೊಂದು. ಊರವರ ಪುಸ್ತಕಗಳನ್ನೆಲ್ಲ ತಿದ್ದಿ ತಿದ್ದಿ ಕಣ್ಣು ಹಾಳು ಮಾಡಿಕೊಂಡವನ ಸ್ವಂತ ಪುಸ್ತಕ ಇದು, ಮೊದಲನೆಯದು, ಈ ವಯಸ್ಸಿಗೆ ಬಹುಶಃ ಕೊನೆಯದೂ. ಜನ ಕೆಲಸ ಮಾಡುತ್ತ ಹಾಡಿಕೊಳ್ಳುವ ಹಾಡುಗಳನ್ನು ರಜೆ ಸಿಕ್ಕಾಗಲೆಲ್ಲ ಅಲೆದು ಕೂಡಿಸಿದ್ದು. ಕಲ್ಲು ಒಡೆಯುವವರದು, ದೋಣಿ ಎಳೆಯುವವರದು, ಹಗ್ಗ ಹೊಸೆಯುವವರದು, ಎಲ್ಲ ಸೇರಿ ನೂರಾ ಹದಿಮೂರು. ಅದರಲ್ಲಿ ನೂರಾ ಹನ್ನೆರಡರ ಬಗ್ಗೆ ಅವನಿಗೆ ಚಿಂತೆ ಇರಲಿಲ್ಲ.

ಹೊಳೆಯ ದಾಟಿ ಹೋದವನೇ, ಹೊತ್ತು ಇಳಿಯಿತು ಬಾರೋ,
ಹಾಸಿದ ಚಾಪೆ ಹಾಸಿದಂತಿದೆ, ಒಬ್ಬಳೆ ಇರುವೆನು ಬಾರೋ,
ದಾರಿ ಕಾದು ಕಣ್ಣು ಸೋತಿತು, ಕರುಣೆಯ ತೋರೋ ಬಾರೋ.

ಮೂರನೆಯ ಸಾಲು ಅದನ್ನು ಹಾಡಿದ ಲಾಂಡ್ರಿಯ ಹೆಂಗಸರದ್ದಲ್ಲ. ಅವರು ಹಾಡುತ್ತಿದ್ದ ಸಾಲು ಬೇರೆ. ಅದನ್ನು ಹತ್ತೊಂಬತ್ತನೇ ವಯಸ್ಸಿನಲ್ಲಿ ಅವನೇ ತಿದ್ದಿದ್ದ, ಅದು ಅವನು ತಿದ್ದಿದ ಮೊತ್ತಮೊದಲ ತಪ್ಪು, ಮತ್ತು ತಿದ್ದುವ ಮೊದಲು ಅಲ್ಲಿ ಏನಿತ್ತು ಎಂಬುದು ಈಗ ಅವನಿಗೆ ಬಿಲ್‌ಕುಲ್ ನೆನಪಿರಲಿಲ್ಲ. ನೆನಪಿದ್ದದ್ದು ಇಷ್ಟೇ: ಅಲ್ಲಿ ಹಾಡು ಎಡವುತ್ತಿತ್ತು. ಎಡವಿದಾಗ ಆ ಹೆಂಗಸರು ನಗುತ್ತಿದ್ದರು.

ಮುದ್ರಣಾಲಯದ ಯಜಮಾನರು ಬಾಗಿಲಲ್ಲಿ ತಲೆ ಹಾಕಿದರು. ದಪ್ಪ ಮನುಷ್ಯ, ಒಳ್ಳೆಯವರು, ಲಾಭದ ಆಸೆ ಬಿಟ್ಟು ಈ ಪುಸ್ತಕ ಅಚ್ಚು ಹಾಕಲು ಒಪ್ಪಿದವರು. "ಏನ್ರೀ, ಮಗಳ ಮದುವೆ ಪತ್ರಿಕೆ ನೋಡೋ ಹಾಗೆ ನೋಡ್ತಾ ಕೂತಿದೀರ. ನಾಲ್ಕು ಗಂಟೆಗೆ ಮಷೀನು ಖಾಲಿ ಆಗುತ್ತೆ. ಆಗ ಕೊಡ್ಲಿಲ್ಲ ಅಂದ್ರೆ ಇನ್ನು ಎರಡು ತಿಂಗಳು ನನ್ನ ಕೇಳ್ಬೇಡಿ."

"ಒಂದು ಪುಟ ಉಳಿದಿದೆ ಸಾರ್."

"ಏನು ತಪ್ಪಿದೆ ಅದರಲ್ಲಿ?"

"ತಪ್ಪೇನಿಲ್ಲ."

ಯಜಮಾನರು ಅವನ ಮುಖವನ್ನೇ ನೋಡಿದರು. ಮೂವತ್ತು ವರ್ಷದಲ್ಲಿ ಇಂಥ ಉತ್ತರ ಕೇಳಿದ್ದು ಇದೇ ಮೊದಲು. "ತಪ್ಪಿಲ್ಲ ಅಂದ್ಮೇಲೆ ಗೀಟು ಹಾಕಿ ಕಳಿಸ್ರೀ," ಎಂದು ಹೋದರು. ಅವನಿಗೆ ಮೈಮೇಲೆ ಹುಳ ಬಿಟ್ಟ ಹಾಗಾಯಿತು. ಪುಟವನ್ನು ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗೆ ತುರುಕಿ, ಯಾರಿಗೂ ಹೇಳದೆ ಹಿಂದಿನ ಮೆಟ್ಟಿಲಿಳಿದು ಬಸ್ಸು ಹತ್ತಿದ. ಗಂಟೆ ಹನ್ನೆರಡೂಕಾಲು. ಆ ಹಾಡು ಹಾಡುತ್ತಿದ್ದ ದೊಡ್ಡಕ್ಕನ ಮನೆಗೆ ನಲವತ್ತು ನಿಮಿಷದ ದಾರಿ.

ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಕೂತ, ಎದ್ದ, ಕಂಬ ಹಿಡಿದು ನಿಂತ. ಹೊರಗೆ ಓಡುವ ಅಂಗಡಿ ಬೋರ್ಡುಗಳ ದೀರ್ಘ, ಒತ್ತುಗಳನ್ನು ಕಣ್ಣು ತಾನಾಗಿ ತಿದ್ದುತ್ತ ಹೋಯಿತು. ಬೇಡವೆಂದರೂ ಕೇಳುವುದಿಲ್ಲ ಆ ಕಣ್ಣು. ಕಿವಿಯೂ ಹೀಗೇ ಆಗಬೇಕು ಎಂದು ಅಪ್ಪ ಬಯಸಿದ್ದ. ಅಪ್ಪ ಪಿಟೀಲು ಮೇಷ್ಟರು. ಮನೆಯ ಮುಂದಿನ ಕೋಣೆಯಲ್ಲಿ ಬೆಳಿಗ್ಗೆ ಸಂಜೆ ಊರ ಮಕ್ಕಳೆಲ್ಲ ಸಾಲಾಗಿ ಕೂತು ಕುಯ್ಯುತ್ತಿದ್ದವು, ಅವುಗಳ ನಡುವೆ ಇವನೂ. ಅಣ್ಣನ ಕಮಾನು ಎಣ್ಣೆಯ ಮೇಲೆ ಜಾರಿದಂತೆ ಹೋಗುತ್ತಿತ್ತು. ಇವನದ್ದು ಎಲ್ಲಿ ಹೋಗಬಾರದೋ ಅಲ್ಲಿಗೇ ಹೋಗುತ್ತಿತ್ತು. ಹನ್ನೆರಡನೇ ವಯಸ್ಸಿನಲ್ಲಿ ಒಂದು ದಿನ, ಎಲ್ಲ ಮಕ್ಕಳೆದುರು, ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಎದ್ದು ಬಂದು ಇವನ ಕೈಯಿಂದ ಪಿಟೀಲನ್ನು ಮೆಲ್ಲಗೆ ತೆಗೆದುಕೊಂಡು, ಪಕ್ಕದ ಹುಡುಗಿಯ ಕೈಗೆ ಕೊಟ್ಟು, "ಇವನದು ಮರದ ಕಿವಿ. ನೀನು ಹೋಗಿ ಅಮ್ಮನಿಗೆ ನೀರು ಸೇದಿಕೊಡಪ್ಪ," ಎಂದ. ಆ ಮೆಲ್ಲಗಿನ ಕೈಯೇ ಸಾಯುವವರೆಗೂ ಮರೆಯದಂಥದ್ದು. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಆಮೇಲೆ ಏಳು ವರ್ಷ ಅವನು ಬಚ್ಚಲಲ್ಲಿ ಕೂಡ ಗುನುಗಲಿಲ್ಲ.

ಹತ್ತೊಂಬತ್ತಕ್ಕೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತು. ಒಗೆದು ಬಂದ ಬೆಡ್‌ಶೀಟು ಎಷ್ಟು, ಹರಿದದ್ದೆಷ್ಟು, ಯಾವ ವಾರ್ಡಿಗೆ ಎಷ್ಟು ಎಂದು ಎಣಿಸಿ ಬರೆಯುವುದು. ಅವನ ಮೇಜು ಹೊರಗಿನ ಕೋಣೆಯಲ್ಲಿ. ಒಳಗೆ ಮಡಿಸುವ ಹಜಾರ, ನಡುವೆ ಸ್ಪ್ರಿಂಗ್ ಹಾಕಿದ ಬಾಗಿಲು, ತಳ್ಳಿದರೆ ಇಲಿಮರಿ ಕಿರುಚಿದ ಹಾಗೆ ಸದ್ದು. ಮೊದಲ ದಿನ ಆ ಬಾಗಿಲು ತಳ್ಳಿದಾಗ ಮುಖಕ್ಕೆ ಬಿಸಿ ಹಬೆ ಹೊಡೆಯಿತು, ಸೋಡಾದ ವಾಸನೆ ಹೊಡೆಯಿತು, ಅದರ ಹಿಂದೆಯೇ ಹಾಡು. ಆರು ಜೋಡಿ ಹೆಂಗಸರು. ಒಬ್ಬೊಬ್ಬರು ಎರಡೆರಡು ಮೂಲೆ ಹಿಡಿದು ಹಿಂದೆ ಹಿಂದೆ ಹೋಗುತ್ತಾರೆ, ಶೀಟು ಬಿಗಿಯಾಗುತ್ತದೆ, ಎದುರುಬದುರಾಗಿ ನಡೆದು ಬಂದು ಮೂಲೆಗೆ ಮೂಲೆ ಕೊಡುತ್ತಾರೆ, ಮತ್ತೆ ಎಳೆದು ಫಟ್ ಎಂದು ಒದರುತ್ತಾರೆ. ಹೋಗುವಾಗ ಒಂದು ಸಾಲು, ಬರುವಾಗ ಒಂದು. ಮೂರನೆಯ ಸಾಲಿಗೆ ಆ ಒದರು. ಅವನು ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದು ನಿಂತಲ್ಲೇ ನಿಂತುಬಿಟ್ಟ. ಮೈಯೆಲ್ಲ ಜುಮ್ಮೆಂದಿತು. ಇದು ಸಂಗೀತವೋ ಅಲ್ಲವೋ ಅವನಿಗೆ ತಿಳಿಯಲಿಲ್ಲ, ಅಪ್ಪನ ಕೋಣೆಯಲ್ಲಿ ಇಂಥದ್ದಕ್ಕೆ ಹೆಸರೇ ಇರಲಿಲ್ಲ, ಆದರೆ ತನ್ನ ಕಾಲಿನ ಹೆಬ್ಬೆರಳು ಚಪ್ಪಲಿಯೊಳಗೆ ಸರಿಯಾದ ಜಾಗದಲ್ಲಿ ತಟ್ಟುತ್ತಿದೆ ಎಂಬುದು ತಿಳಿಯಿತು. ಒಂದು ಸಲವೂ ತಪ್ಪಲಿಲ್ಲ ಆ ಹೆಬ್ಬೆರಳು. ಅವತ್ತು ಸಂಜೆ ಸೈಕಲ್ಲಿನಲ್ಲಿ ಮನೆಗೆ ಹೋಗುವಾಗ ಏಳು ವರ್ಷದ ಮೇಲೆ ಅವನು ಬಾಯಿ ತೆರೆದು ಹಾಡಿದ, ಲಾರಿಗಳ ಗದ್ದಲದ ನಡುವೆ, ಕಣ್ಣಲ್ಲಿ ನೀರು ಬಂದು ದಾರಿ ಕಾಣದೆ ಒಂದು ಕಡೆ ಇಳಿದು ನಿಂತುಕೊಂಡ.

ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಅವನ ಕಾಲನ್ನೇ ನೋಡುತ್ತಿದ್ದಳು. ಹೆಬ್ಬೆರಳು ತಟ್ಟುತ್ತಿತ್ತು. ಅವನು ನಾಚಿ ಕಾಲು ಹಿಂದೆಳೆದುಕೊಂಡ.

ಆ ಜೋಡಿಗಳಲ್ಲಿ ಮೇಲುದನಿ ದೊಡ್ಡಕ್ಕನದು. ಆಗ ಅವಳಿಗೆ ನಲವತ್ತರ ಮೇಲಿರಬೇಕು, ಬಾಗಿಲಿನಷ್ಟು ಎತ್ತರ. ಅವಳ ಜೋಡಿ ಕುಳ್ಳಿ, ಅವಳ ಭುಜಕ್ಕೂ ಬರದವಳು, ಶೀಟು ನೆಲಕ್ಕೆ ತಾಗದಿರಲೆಂದು ಕೈಯನ್ನು ತಲೆಯ ಮೇಲೆತ್ತಿಕೊಂಡೇ ಮಡಿಸುವಳು. ಇವನಿಗೆ ಎಣಿಕೆಯಪ್ಪ ಎಂದು ಹೆಸರಿಟ್ಟವಳು ಕುಳ್ಳಿಯೇ. ಎರಡು ವಾರದಲ್ಲಿ ಅವನು ಹಾಡನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಪ್ರೀತಿ ಹುಟ್ಟಿದ ಕೂಡಲೇ ಅದನ್ನು ಯಾರಿಗಾದರೂ ತೋರಿಸಬೇಕು ಎಂಬ ಚಪಲವೂ ಹುಟ್ಟಿತು. ಯಾರಿಗಾದರೂ ಏನು ಬಂತು, ಅಪ್ಪನಿಗೇ. ನೋಡು, ನಿನ್ನ ಮರದ ಕಿವಿಯ ಮಗ ಏನು ಹಿಡಿದು ತಂದಿದ್ದಾನೆ. ಲೈಬ್ರರಿಯಲ್ಲಿ ಹುಡುಕಿದ. ಯಾರೋ ಪಂಡಿತರು ಸಂಗ್ರಹಿಸಿದ ಹಳೆಯ ಪುಸ್ತಕದಲ್ಲಿ ಅದೇ ಹಾಡು ಸಿಕ್ಕಿತು, ಕೆಳಗೆ ಸ್ವರ ಹಾಕಿ, ತಾಳ ಹಾಕಿ. ಮೊದಲೆರಡು ಸಾಲು ಅವೇ. ಮೂರನೆಯದು ಬೇರೆ, ಮುದ್ದಾಗಿತ್ತು, ತಾಳಕ್ಕೆ ಗೆರೆ ಕೊರೆದಂತೆ ಕೂರುತ್ತಿತ್ತು. ಇವರದ್ದು ಕೂರುತ್ತಿರಲಿಲ್ಲ, ಎಡವುತ್ತಿತ್ತು. ಎಡವುವುದನ್ನು ತೆಗೆದುಕೊಂಡು ಹೋದರೆ ಅಪ್ಪ ಮತ್ತೆ ಮೆಲ್ಲಗೆ ಕೈಯಿಂದ ತೆಗೆದಿಡುತ್ತಾನೆ. ಮರುದಿನ ಅವನು ಪುಸ್ತಕವನ್ನು ಹಜಾರಕ್ಕೇ ಒಯ್ದ.

"ದೊಡ್ಡಕ್ಕ, ಇಲ್ಲಿ ನೀವು ತಪ್ಪು ಹಾಡ್ತೀರ. ನೋಡಿ, ಸರಿಯಾದ್ದು ಇದರಲ್ಲಿದೆ."

ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂದು, ಓದಲು ಬಾರದಿದ್ದರೂ, ಆ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಹಬೆಯಲ್ಲಿ ಬೆಂದು ಸುಕ್ಕುಗಟ್ಟಿದ ಬೆರಳು. "ಬುಕ್ಕಲ್ಲಿ ಹೀಗಿದ್ಯಾ?" ಎಂದಳು. "ಹಾಗಾದ್ರೆ ಹಾಗೇ ಸರಿ ಕಣಪ್ಪ. ನಮಗೇನು ಗೊತ್ತು." ಮೂರು ದಿನದಲ್ಲಿ ಆರೂ ಜೋಡಿಗಳು ಸರಿಯಾಗಿ ಹಾಡಿದವು. ಅವನು ನೋಟುಬುಕ್ಕಿನ ಹಳೆಯ ಸಾಲನ್ನು ಶಾಯಿಯಿಂದ ಎಷ್ಟು ಅಚ್ಚುಕಟ್ಟಾಗಿ ಹೊಡೆದುಹಾಕಿದನೆಂದರೆ ಒಂದಕ್ಷರವೂ ಕಾಣುತ್ತಿರಲಿಲ್ಲ. ಈಗ ಅದನ್ನು ಬಿಸಿಲಿಗೆ ಹಿಡಿದು ನೋಡಿದ್ದಾನೆ, ಬಲ್ಬಿಗೆ ಹಿಡಿದು ನೋಡಿದ್ದಾನೆ, ಹಾಳೆಯ ಹಿಂಬದಿಯನ್ನು ಬೆರಳಿಂದ ಸವರಿ ನೋಡಿದ್ದಾನೆ. ಅಂದಿನಿಂದಲೇ ಅವನು ಒಳ್ಳೆಯ ಕೆಲಸಗಾರ. ಆಮೇಲೆ ಟೇಪ್ ರೆಕಾರ್ಡರ್ ಸಾಲ ತಂದು ಹಾಡನ್ನು ಹಿಡಿದು, ಒಂದು ಭಾನುವಾರ ಅಪ್ಪನ ಮುಂದಿಟ್ಟ. ಅಪ್ಪ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದ. "ತಾಳ ಸರಿಯಾಗಿದೆ," ಎಂದ. ಅಷ್ಟೇ. ಆ ಒಂದು ಮಾತನ್ನು ಇವನು ಒಂದು ವಾರ ನೆಲದ ಮೇಲೆ ಕಾಲಿಡದೆ ಹೊತ್ತು ತಿರುಗಿದ. ಅಪ್ಪ ಹೋಗಿ ಇಪ್ಪತ್ತು ವರ್ಷವಾಯಿತು. ಆ ಮಾತಿಗಾಗಿ ಏನನ್ನು ಕೊಟ್ಟೆ ಎಂದು ಮಗನಿಗೆ ತಿಳಿದದ್ದು ಮೊನ್ನೆ ಮೊನ್ನೆ, ಮುದಿ ದೋಣಿಯವನೊಬ್ಬ ಹಾಡು ಶುರುಮಾಡುವ ಮೊದಲು ಇವನ ಕೈಯ ಪೆನ್ನು ನೋಡಿ, "ನಿಮ್ಮ ಬುಕ್ಕಲ್ಲಿ ಹೇಗಿದೆ ಹೇಳಿ ಸ್ವಾಮಿ, ಹಾಗೇ ಹಾಡ್ತೀನಿ," ಎಂದಾಗ. ಆ ರಾತ್ರಿಯಿಂದ ನಲವತ್ತೊಂದನೇ ಪುಟ ಅವನನ್ನು ಬಿಟ್ಟಿರಲಿಲ್ಲ.

ಇವತ್ತು ನಾಲ್ಕು ಗಂಟೆಗೆ ಅಚ್ಚಾದರೆ ಮುಗಿಯಿತು. ಅಪ್ಪನ ಹೆದರಿಕೆಗೆ ಹುಟ್ಟಿದ ಸಾಲು ಆ ಹೆಂಗಸರ ಹೆಸರಿನಲ್ಲಿ ಉಳಿಯುತ್ತದೆ, ಅವರ ಸಾಲು ಅವರ ಜೊತೆಗೇ ಹೋಗುತ್ತದೆ. ಬಸ್ಸು ನಿಲ್ಲುವ ಮೊದಲೇ ಅವನು ಧುಮುಕಿದ. ಕಂಡಕ್ಟರು ಹಿಂದಿನಿಂದ ಏನೋ ಬೈದ, ಬೈಯುವಂಥದ್ದೇ ಮಾಡಿದ್ದ.

ಮನೆ ಮೂರನೆಯ ಮಹಡಿಯಲ್ಲಿ, ಹಳೆಯ ಕಟ್ಟಡ, ಮರದ ಮೆಟ್ಟಿಲು, ಬಾಗಿಲ ಮುಂದೆ ಮರದ ಹಲಗೆ ಹಾಸಿದ ಅಷ್ಟಗಲದ ಜಾಗ. ಕೆಲಸದಿಂದ ನಿವೃತ್ತರಾದ ಮೇಲೆ ದೊಡ್ಡಕ್ಕ, ಕುಳ್ಳಿ ಇಬ್ಬರೂ ಸೇರಿ ಒಂದು ಕೋಣೆ ಹಿಡಿದಿದ್ದರು. ಇಬ್ಬರೂ ಗಂಡಂದಿರನ್ನು ಕಳಕೊಂಡವರು. ಬೀದಿಯ ಕೊನೆಯ ಲಾಡ್ಜಿನ ಬೆಡ್‌ಶೀಟು ತರಿಸಿ ಇಸ್ತ್ರಿ ಮಾಡಿ ಮಡಿಸಿ ಕಳಿಸುತ್ತಾರೆ. ಕಿಟಕಿಯಿಂದ ಕಿಟಕಿಗೆ ಹಗ್ಗ, ಮಂಚದ ಮೇಲೆ ಗುಡ್ಡದಷ್ಟು ಬಿಳಿ ಬಟ್ಟೆ. ಎರಡು ಮೂರು ವರ್ಷಕ್ಕೊಮ್ಮೆ ಅವನು ಕಿತ್ತಳೆ ಹಣ್ಣು ಹಿಡಿದು ಬರುವುದುಂಟು. ಬಂದಾಗಲೆಲ್ಲ ಅವರು ಆ ಹಾಡು ಹಾಡುವುದೂ ಉಂಟು, ತಿದ್ದಿದ ಸಾಲಿನೊಂದಿಗೆ, ಅವನು ತಲೆದೂಗುವುದೂ ಉಂಟು. ಇವತ್ತು ಹಣ್ಣು ತರುವುದು ಮರೆತುಹೋಗಿತ್ತು.

"ಎಣಿಕೆಯಪ್ಪ ಬಂದ," ಎಂದಳು ಕುಳ್ಳಿ. "ಇದೇನು ಬರಿಗೈಲಿ? ಬಾ, ಕೂತ್ಕೋ. ಆ ಶೀಟಿನ ಮೇಲೆ ಕೂರಬೇಡ, ಇಸ್ತ್ರಿ ಆಗಿದೆ."

ಅವನು ಕೂರಲಿಲ್ಲ. ಪುಟ ತೆಗೆದು, ಮಡಿಕೆ ಬಿಡಿಸಿ, ಮತ್ತೆ ಮಡಿಸಿದ. "ದೊಡ್ಡಕ್ಕ, ಒಂದು ಮಾತು ಕೇಳೋಕೆ ಬಂದೆ. ಆ ಹಾಡಿನ ಮೂರನೇ ಸಾಲು, ನಾನು ಬುಕ್ ತಂದು ತೋರಿಸೋಕೆ ಮುಂಚೆ ಏನಂತ ಇತ್ತು?"

ದೊಡ್ಡಕ್ಕ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ನಿಲ್ಲಿಸಿದಳು. ಬೆನ್ನು ಬಾಗಿತ್ತು, ಆದರೂ ಇವನಿಗಿಂತ ಎತ್ತರ. "ಅದೇ ಅಲ್ವಾ ಇರೋದು? ದಾರಿ ಕಾದು ಕಣ್ಣು ಸೋತಿತು."

"ಅದು ಬುಕ್ಕಿಂದು. ನಿಮ್ಮದು ಬೇರೆ ಇತ್ತು. ನಾನು ತಪ್ಪು ಅಂದೆ. ತಪ್ಪು ನಂದು ದೊಡ್ಡಕ್ಕ. ಚಿಕ್ಕವನಿದ್ದೆ, ನಮ್ಮಪ್ಪನಿಗೆ ಹೆದರ್ತಿದ್ದೆ. ನಿಮ್ಮ ಬಾಯಿಂದ ನಿಮ್ಮ ಹಾಡನ್ನೇ ಕಿತ್ತುಕೊಂಡೆ. ಮೂವತ್ಮೂರು ವರ್ಷ ಆಯ್ತು. ನಿಮಗೂ ಮರೆತುಹೋಗಿರಬೇಕು. ನನ್ನ ಕ್ಷಮಿಸಿಬಿಡಿ." ಬಸ್ಸಿನಲ್ಲಿ ಬರುವಾಗ ಈ ಮಾತುಗಳನ್ನು ಅವನು ಎರಡು ಸಲ ತಿದ್ದಿದ್ದ.

ಆಗ ಕುಳ್ಳಿ ನಕ್ಕುಬಿಟ್ಟಳು. ತಡೆದುಕೊಳ್ಳಲು ಬಾಯಿಗೆ ದಿಂಬಿನ ಚೀಲ ಒತ್ತಿಕೊಂಡರೂ ಭುಜ ಕುಣಿಯುತ್ತಿತ್ತು. "ನೀನು ಸುಮ್ನಿರೇ," ಎಂದಳು ದೊಡ್ಡಕ್ಕ, ಆದರೆ ಅವಳ ಮೂಗೂ ಅರಳಿತ್ತು.

"ಪಾಪ, ಮೂವತ್ಮೂರು ವರ್ಷದಿಂದ ಎದೆ ಮೇಲೆ ಹೊತ್ಕೊಂಡು ತಿರುಗ್ತಿದಾನೆ ಕಣೇ," ಎಂದಳು ಕುಳ್ಳಿ. "ಹೇಳಿಬಿಡು ಇನ್ನು. ಅಯ್ಯೋ ಎಣಿಕೆಯಪ್ಪ, ನಾವೆಲ್ಲಿ ಬಿಟ್ವಿ ಅದನ್ನ? ನೀನು ಒಳಗಿದ್ರೆ ನಿನ್ನ ಬುಕ್ಕಿಂದು ಹಾಡೋದು. ಆಚೆ ಹೋದ್ರೆ ನಮ್ಮದು. ಆ ಬಾಗಿಲು ಕಿರ್ ಅನ್ನೋದಲ್ಲ, ಅದು ನಮ್ಮ ಪುಣ್ಯಕ್ಕೆ ಇತ್ತು. ಕಿರ್ ಅಂದ ಕೂಡ್ಲೆ ಎಲ್ಲಾರೂ 'ದಾರಿ ಕಾದು'. ಹನ್ನೆರಡು ಜನರಲ್ಲಿ ಒಬ್ಬಳೂ ಒಂದ್ ಸಲಾನೂ ತಪ್ಪಲಿಲ್ಲ ನೋಡು."

ಅವನಿಗೆ ಮುಖದ ರಕ್ತವೆಲ್ಲ ಕಿವಿಗೆ ಇಳಿದಂತಾಯಿತು. ಹಗುರವಾಗಬೇಕಿತ್ತು. ಹಾಡು ಹಾಳಾಗಿಲ್ಲ, ತಪ್ಪು ಮಾಡಿದ್ದೇ ಇಲ್ಲ, ಕ್ಷಮೆ ಕೇಳುವ ಅಗತ್ಯವೇ ಇರಲಿಲ್ಲ. ಆದರೆ ಒಳಗೆ ಏನೋ ಕುಸಿಯುತ್ತಿತ್ತು. ಬುಕ್ಕು ತೋರಿಸಿದ ಮೇಲೆ ಲಾಂಡ್ರಿಯಲ್ಲಿ ಕಳೆದ ಹತ್ತು ತಿಂಗಳು ದಿನವೂ ಅವನು ಬಾಗಿಲು ತಳ್ಳಿ ಒಳಗೆ ಕಾಲಿಟ್ಟಾಗ ಅರಳುತ್ತಿದ್ದ ಹಾಡು ಅವನಿಗೆಂದೇ ಎತ್ತಿಟ್ಟದ್ದು, ಮನೆಗೆ ಬಂದ ನೆಂಟನಿಗೆ ಒಳ್ಳೆಯ ಲೋಟ ತೆಗೆಯುವ ಹಾಗೆ. ತನ್ನ ಜೀವನದಲ್ಲಿ ತಾನೇ ತಾನಾಗಿ ಸಿಕ್ಕ ಒಂದೇ ಒಂದು ಖುಷಿ ಅಂದುಕೊಂಡಿದ್ದನಲ್ಲ, ಅದರ ಒಳಗೆ ಅವನು ಕಾಲಿಟ್ಟೇ ಇರಲಿಲ್ಲ. "ಯಾಕೆ ಹಾಗೆ ಮಾಡಿದ್ರಿ?" ಎಂದ. ಧ್ವನಿ ಹತ್ತೊಂಬತ್ತರ ಹುಡುಗನದಾಗಿತ್ತು.

ದೊಡ್ಡಕ್ಕ ಅವನ ಮುಖ ನೋಡಿ ನಗು ನಿಲ್ಲಿಸಿದಳು. "ಇನ್ನೇನು ಮಾಡೋದಪ್ಪ? ಅಷ್ಟು ದೂರದಿಂದ ಬುಕ್ ಹೊತ್ಕೊಂಡು ಬಂದಿದ್ದೆ. ಮುಖ ಹೇಗಿತ್ತು ಗೊತ್ತಾ ನಿಂದು? ಮಗುಗೆ ಇಲ್ಲ ಅನ್ನೋಕಾಗುತ್ತಾ. ನೀನು ಹಾಡು ಕೇಳೋಕೆ ಬಂದು ನಿಂತ್ಕೊಂಡ್ರೆ ನಮಗೂ ಒಂಥರಾ ಚೆನ್ನಾಗಿರ್ತಿತ್ತು. ಅದಕ್ಕೆ ನಿಂದು ನಿಂಗೆ, ನಮ್ಮದು ನಮಗೆ ಅಂತ ಇಟ್ಕೊಂಡ್ವಿ. ಅದರಲ್ಲಿ ಯಾರಿಗೇನು ನಷ್ಟ?"

"ಈಗ ಹಾಡಿ. ನಿಮ್ಮದೇ ಹಾಡಿ. ನಾಲ್ಕು ಗಂಟೆಗೆ ಅಚ್ಚಿಗೆ ಹೋಗುತ್ತೆ."

ಅವರು ಒಂದು ಶೀಟು ಹಿಡಿದರು. ಹಿಂದೆ ಹಿಂದೆ ಹೋದರು, ಬಂದರು. ಮೊದಲ ಸಾಲು, ಎರಡನೆಯದು. ಮೂರನೆಯದಕ್ಕೆ ದೊಡ್ಡಕ್ಕನ ಕಣ್ಣು ಅವನ ಮುಖದ ಮೇಲೆ ಬಿತ್ತು, ಮತ್ತು ಬಾಯಿಂದ ‘ದಾರಿ ಕಾದು’ ಬಂತು. ಅವಳು ನಾಲಗೆ ಕಚ್ಚಿಕೊಂಡಳು. ಮತ್ತೊಮ್ಮೆ. ಮತ್ತೆ ಅದೇ. ಮೂರನೆಯ ಸಲ ಅವಳಿಗೆ ನಿಜಕ್ಕೂ ಅವಮಾನವಾದಂತೆ ಕಂಡಿತು. ಶೀಟಿನ ಮೂಲೆಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. "ನಿನ್ನ ಮುಖ ನೋಡಿದ್ರೆ ಅದು ಬರಲ್ಲ ಕಣಪ್ಪ. ಬಾಯಿಗೆ ಹಾಗೇ ಅಭ್ಯಾಸ ಆಗಿಬಿಟ್ಟಿದೆ."

"ಹಾಡಬೇಡಿ ಹಾಗಾದ್ರೆ. ಬರೀ ಹೇಳಿ, ಬರ್ಕೊಳ್ತೀನಿ."

"ಹಾಡೋದನ್ನ ಹೇಳೋದು ಹೇಗೋ. ಬರೀ ಮಾತಲ್ಲಿ ಅದು ನೆನಪಿಗೂ ಬರಲ್ಲ," ಎಂದಳು ಕುಳ್ಳಿ. "ಹೋಗು, ಕೆಳಗೆ ಒಂದು ಟೀ ಕುಡ್ಕೊಂಡು ಬಾ. ಎರಡು ಗಂಟೆಗೆ ಲಾಡ್ಜಿನವರು ಬರ್ತಾರೆ, ನಮಗೆ ಇನ್ನೂ ಇಪ್ಪತ್ತು ಶೀಟಿದೆ."

ಬಾಗಿಲು ಹಿಂದಿನಿಂದ ಮುಚ್ಚಿತು. ಅವನು ನಾಲ್ಕು ಮೆಟ್ಟಿಲು ಇಳಿದ. ಅಲ್ಲೇ ನಿಂತ. ಚಪ್ಪಲಿ ಬಿಟ್ಟು, ಅದನ್ನು ಕೈಯಲ್ಲಿ ಹಿಡಿದು, ಐವತ್ತೆರಡು ವರ್ಷದ ಗಂಡಸು, ಮೊಮ್ಮಕ್ಕಳಿರಬೇಕಾದ ವಯಸ್ಸು, ಕಳ್ಳನ ಹಾಗೆ ಮತ್ತೆ ಮೇಲೆ ಹತ್ತಿ ಬಾಗಿಲಿಗೆ ಕಿವಿ ಕೊಟ್ಟ. ಯಾರಾದರೂ ಮೆಟ್ಟಿಲು ಹತ್ತಿ ಬಂದರೆ ಏನು ಹೇಳುವುದು ಎಂದು ಯೋಚಿಸಲು ಹೊರಟು ಬಿಟ್ಟುಬಿಟ್ಟ.

"ಹೋದನಾ?" ದೊಡ್ಡಕ್ಕನ ಧ್ವನಿ.

"ಹೋದ. ಪಾಪ, ಮುಖ ಇಷ್ಟೇ ಇಷ್ಟಾಗಿಹೋಗಿತ್ತು."

"ಬಂದ ಮೇಲೆ ಹೇಗಾದ್ರೂ ಮಾಡಿ ಹಾಡೋಣ. ಗೋಡೆ ಕಡೆ ತಿರುಗಿ ನಿಂತ್ಕೋ ಅನ್ನೋಣ. ಹಿಡಿ ಆ ಕಡೆ."

ಹೆಜ್ಜೆಗಳು ಹಿಂದಕ್ಕೆ ಹೋದವು. ಹೊಳೆಯ ದಾಟಿ ಹೋದವನೇ. ಮುಂದಕ್ಕೆ ಬಂದವು. ಹಾಸಿದ ಚಾಪೆ ಹಾಸಿದಂತಿದೆ. ಮುದಿ ಧ್ವನಿಗಳು, ಒಂದು ಬಿರುಕು ಬಿಟ್ಟದ್ದು, ಒಂದು ಕೀರಲು. ಆಮೇಲೆ ಒಂದು ತಡೆ, ಉಸಿರು ಎಳೆದುಕೊಂಡಷ್ಟು ಉದ್ದದ್ದು, ಯಾವ ತಾಳಕ್ಕೂ ಸೇರದ್ದು, ಮತ್ತು

ಬಾರದಿದ್ರೆ ಬಿಡೋ ನೀನು, ಕೈಯ ತುಂಬ ಕೆಲಸ ನಂಗೆ

ಫಟ್ ಎಂದು ಶೀಟು ಒದರಿದ ಸದ್ದು, ಇಬ್ಬರೂ ನಕ್ಕರು. ಇದೇ. ಇದೇ ಅದು. ಅವನ ಮೈ ಜುಮ್ಮೆಂದಿತು, ಮೊದಲ ದಿನದ ಹಾಗೇ, ಹಬೆಯೂ ಸೋಡಾದ ವಾಸನೆಯೂ ಎಲ್ಲಿಂದಲೋ ಬಂದು ಮುಖಕ್ಕೆ ಹೊಡೆದವು. ಬರಿಗಾಲಿನ ಹೆಬ್ಬೆರಳು ಮರಕ್ಕೆ ತಟ್ಟಲು ಹೋಗಿ ಆ ತಡೆಯಲ್ಲಿ ತಾನಾಗಿಯೇ ನಿಂತುಕೊಂಡಿತ್ತು. ಎಡವುವುದಲ್ಲ ಅದು. ಕಾದು ಕಾದು ಸಾಕಾದವಳು ತಲೆ ಎತ್ತುವ ಜಾಗ ಅದು. ಒದರುವ ಕೈಗೆ ಬೇಕಾದಷ್ಟೇ ಹೊತ್ತು ಅದು. ಪಂಡಿತರ ಪುಸ್ತಕದ ಹೆಂಗಸು ಅಳುತ್ತ ಕೂತಿದ್ದಳು, ಕೂತವಳಿಗೆ ಶೀಟು ಒದರಲು ಆಗುವುದಿಲ್ಲ. ಇಷ್ಟು ಸುಲಭದ ಮಾತು ಅವನಿಗೆ ಆಗ ಹೊಳೆಯಲಿಲ್ಲ. ಆಗ ಅವನಿಗೂ ಯಾರೋ ಕರುಣೆ ತೋರಬೇಕಿತ್ತು. ಅವನು ಆತುರಾತುರವಾಗಿ ಜೇಬಿನಿಂದ ಪುಟ ತೆಗೆದ, ಕಿವಿಯ ಹಿಂದಿನ ಪೆನ್ಸಿಲು ತೆಗೆದ, ಗೋಡೆಗೆ ಒತ್ತಿ ಹಿಡಿದು ಬರೆಯಲು ವಾಲಿದ. ಒಳಗೆ ಮುಂದಿನ ಶೀಟು ಶುರುವಾಗಿತ್ತು. ಕಾಲಡಿಯ ಹಲಗೆ ಕಿರ್ ಎಂದಿತು.

ಹಾಡು ನಿಲ್ಲಲಿಲ್ಲ. ‘ಬಾರ’ ಎಂದು ಏರುತ್ತಿದ್ದ ದೊಡ್ಡಕ್ಕನ ಧ್ವನಿ, ಉಸಿರು ಕೂಡ ಬದಲಿಸದೆ, ಹೊಸಿಲ ಬಳಿ ಪಕ್ಕಕ್ಕೆ ಸರಿದು ದಾರಿ ಬಿಡುವವಳ ಹಾಗೆ, ‘ದಾರಿ ಕಾದು ಕಣ್ಣು ಸೋತಿತು’ ಎಂದು ಇಳಿಯಿತು. ಕುಳ್ಳಿಯ ಧ್ವನಿಯೂ ಅಷ್ಟೇ ಸಲೀಸಾಗಿ ಹಿಂದೆಯೇ ಬಂತು. ತಾಳ ಸರಿಯಾಗಿತ್ತು.

ಅವನು ಪೆನ್ಸಿಲು ಹಿಡಿದುಕೊಂಡೇ ನಿಂತ. ಕಣ್ಣು ಹನಿಯಿತು, ನಾಚಿಕೆಗೋ ಪ್ರೀತಿಗೋ ಅವನಿಗೇ ಗೊತ್ತಾಗಲಿಲ್ಲ, ಎರಡೂ ಇದ್ದವು. ಬಾಗಿಲು ತಳ್ಳಿ ಒಳಗೆ ಹೋಗಬಹುದಿತ್ತು, ಅವರು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ಹಾಡುತ್ತಿದ್ದರು. ಅದೂ ಅವನಿಗಾಗಿ ಹಾಡಿದ್ದೇ ಆಗುತ್ತಿತ್ತು. ಮೂರನೆಯ ಸಾಲನ್ನು ಹೊಡೆದುಹಾಕಬಹುದಿತ್ತು, ಅಚ್ಚುಕಟ್ಟಾಗಿ ಹೊಡೆದುಹಾಕುವುದು ಅವನಿಗೆ ಬರುತ್ತದೆ. ಅದನ್ನು ಮುಟ್ಟಲಿಲ್ಲ. ಹಾಡಿನ ಕೆಳಗಿದ್ದ ಸಣ್ಣಕ್ಷರದ ವಿವರದ ಪಕ್ಕ ಪೆನ್ಸಿಲಿನಿಂದ ಬರೆದ: ‘ನಾನು ಎದುರಿಗಿದ್ದಾಗ ಹಾಡಿದ್ದು.’ ಒಂದು ಸಲ ಓದಿದ. ಮೂಲೆಯಲ್ಲಿ ಗೀಟು ಎಳೆದ.

ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಒಂದೊಂದು ಮೆಟ್ಟಿಲಿಗೂ ಕಾಲನ್ನು ದಪದಪ ಅಪ್ಪಳಿಸುತ್ತ, ಮೂರು ಮಹಡಿಯವರಿಗೂ ತಾನು ಹೋಗುತ್ತಿರುವುದು ಕೇಳಿಸುವಂತೆ ಇಳಿದ. ಎರಡನೆಯ ಮಹಡಿಯಲ್ಲಿ ಯಾರೋ ಬಾಗಿಲು ತೆರೆದು ನೋಡಿದರು. ಅವನು ನಿಲ್ಲಲಿಲ್ಲ. ಬೀದಿಗೆ ಬರುವಷ್ಟರಲ್ಲಿ ಮೇಲಿನ ಕಿಟಕಿಯಿಂದ ಫಟ್ ಎಂಬ ಸದ್ದು ಕೇಳಿಸಿತು, ಅದರ ಹಿಂದೆ ಇಬ್ಬರ ನಗು. ಅವನು ತಲೆ ಎತ್ತಿ ನೋಡದೆ ಬಸ್ಸಿಗೆ ನಡೆದ.